ಅಮಾನಿಕೆರೆ ಯಾರ ಅಮಾನತ್ತು? ಗಾಳ, ತೆಪ್ಪ ಮತ್ತು ಟೆಂಡರಿನ ರಾಜಕಾರಣ

ತುಮಕೂರು ಜಿಲ್ಲೆಯಲ್ಲಿ ಕೆರೆ ತುಂಬಿದರೆ ಎರಡು ಸುದ್ದಿ ಗ್ಯಾರಂಟಿ. ಒಂದು, ಶಾಸಕರು ಬಾಗಿನ ಬಿಡುವ ಫೋಟೊ. ಎರಡು, ಇಲ್ಲಿ ಬೋಟಿಂಗ್ ಶುರು ಮಾಡ್ತೀವಿ ಎನ್ನುವ ಭರವಸೆ. 2021 ಮತ್ತು 2022ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ನಂತರ ಕೋಡಿ ಬಿದ್ದಾಗಲೂ ಈ ಎರಡು ಮಾತು ಬಂದವು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಬಾಗಿನದ ಫೋಟೊ ಹಳೇದಾಯ್ತು. ಬೋಟಿಂಗ್ ಮಾತು ಮುಂದಿನ ಮಳೆಗೆ ಕಾಯುತ್ತಾ ಕೂತಿತು.

ಈ ಎರಡರ ನಡುವೆ ಯಾರೂ ಕೇಳದ ಮೂರನೇ ಪ್ರಶ್ನೆಯೊಂದಿದೆ. ತುಂಬಿದ ಕೆರೆಗೆ ಗಾಳ ಹಾಕೋಕೆ ಯಾರಿಗೆ ಹಕ್ಕಿದೆ? ಒಂದು ತೆಪ್ಪ ಇಳಿಸಬೇಕು ಅಂದ್ರೆ ಯಾರ ಅಪ್ಪಣೆ ಬೇಕು? ಆ ಅಪ್ಪಣೆ ಕೊಡುವವರನ್ನು ನಾವು ಓಟು ಹಾಕಿ ಆರಿಸಿದ್ದೀವಾ?

ಚಿಕ್ಕ ಪ್ರಶ್ನೆ ಥರ ಕಾಣಿಸುತ್ತೆ. ಕಾವೇರಿ, ಹೇಮಾವತಿ, ಎತ್ತಿನಹೊಳೆ ಅಂತ ಟಿಎಂಸಿ ಲೆಕ್ಕದಲ್ಲಿ ಮಾತಾಡೋ ನಾಡಿನಲ್ಲಿ ಒಬ್ಬ ಹುಡುಗನ ಗಾಳದ ಬಗ್ಗೆ ಯಾಕಪ್ಪಾ ಲೇಖನ ಅನ್ನಿಸಬಹುದು. ಆದರೆ ನೀರು ಯಾರದು ಅನ್ನೋ ಪ್ರಶ್ನೆ ಒಬ್ಬ ಸಾಮಾನ್ಯ ಮನುಷ್ಯನಿಗೆ ನೇರವಾಗಿ ಎದುರಾಗೋದು ಅಣೆಕಟ್ಟೆಯಲ್ಲಲ್ಲ, ಊರ ಕೆರೆಯ ದಡದಲ್ಲಿ. ಅದಕ್ಕೇ ಇದನ್ನು ರಾಜಕೀಯ ಪ್ರಶ್ನೆಯಾಗಿಯೇ ನೋಡಬೇಕು ಅಂತ ನನ್ನ ವಾದ.

ಹೆಸರಿನಲ್ಲೇ ಇರುವ ಅರ್ಥ

ತುಮಕೂರು ನಗರದ ದೊಡ್ಡ ಕೆರೆಗೆ ಅಮಾನಿಕೆರೆ ಅಂತಾರೆ. ಕೋಲಾರದಲ್ಲೂ ಅಮಾನಿಕೆರೆ ಇದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ಹಳೆಯ ಕಂದಾಯ ದಾಖಲೆಗಳಲ್ಲಿ ಬೆಳ್ಳಂದೂರು ಅಮಾನಿಕೆರೆ. ಇದು ಹಳೇ ಕಂದಾಯ ಇಲಾಖೆಯ ಮಾತು. ಗುತ್ತಿಗೆ ಅಥವಾ ಇಜಾರಕ್ಕೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದಕ್ಕೆ ಅಮಾನಿ ಎನ್ನುತ್ತಿದ್ದರು. ಕಂಟ್ರಾಕ್ಟರ್ ಇಲ್ಲದೆ ಇಲಾಖೆಯೇ ಮಾಡಿಸುವ ಕೆಲಸಕ್ಕೆ ಅಮಾನಿ ಕೆಲಸ ಅನ್ನುವ ಬಳಕೆಯೂ ಇತ್ತು. ಪದದ ಬೇರು ಅರಬ್ಬಿಯ ಅಮಾನತ್. ಅಂದರೆ ನಂಬಿ ಒಪ್ಪಿಸಿದ್ದು, ಇನ್ನೊಬ್ಬರ ಪರವಾಗಿ ಕಾಪಾಡಿ ಇಟ್ಟದ್ದು.

ಕಾನೂನಿನ ಭಾಷೆಯಲ್ಲಿ ಇವತ್ತು ಇದನ್ನೇ ಸಾರ್ವಜನಿಕ ವಿಶ್ವಸ್ತ ತತ್ವ ಎನ್ನುತ್ತಾರೆ. ನದಿ, ಕೆರೆ, ಕಡಲತೀರಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಟ್ರಸ್ಟಿ. ಎಂ.ಸಿ. ಮೆಹ್ತಾ ಮತ್ತು ಕಮಲ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಈ ತತ್ವವನ್ನು ನಮ್ಮ ಕಾನೂನಿನ ಭಾಗ ಎಂದು ಹೇಳಿತು. 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಹಳ್ಳಿಯ ಕೆರೆಕಟ್ಟೆಗಳನ್ನು ಒತ್ತುವರಿ ಮಾಡಿದವರಿಗೆ ಹಣ ಕಟ್ಟಿಸಿಕೊಂಡು ಸಕ್ರಮ ಮಾಡಿಕೊಡುವ ಪದ್ಧತಿಯನ್ನು ಕಟುವಾಗಿ ಟೀಕಿಸಿತು. ಕೋರ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಕೆರೆಯ ಹೆಸರು ಮೊದಲಿಂದಲೂ ಹೇಳುತ್ತಿತ್ತು.

ಈಗ ವಸ್ತುಸ್ಥಿತಿ ನೋಡಿ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅಮಾನಿಕೆರೆ ಅಭಿವೃದ್ಧಿಯೂ ಆ ಯೋಜನೆಯ ಭಾಗವಾಯಿತು. ಏರಿ ಮೇಲೆ ವಾಕಿಂಗ್ ಪಾತ್, ದೀಪ, ಬೇಲಿ ಬಂದವು. ವಾಕಿಂಗ್ ಮಾಡುವವರಿಗೆ ಖುಷಿಯಾಯ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ 2025ರ ಮಾರ್ಚ್ 31ಕ್ಕೆ ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಮುಗಿಯಿತು. ಕಟ್ಟಿದ್ದನ್ನೆಲ್ಲ ನಿರ್ವಹಿಸುವ ಖರ್ಚು ಇನ್ನು ಸ್ಥಳೀಯ ಸಂಸ್ಥೆಗಳ ತಲೆ ಮೇಲೆ. ನಿರ್ವಹಣೆಗೆ ದುಡ್ಡಿಲ್ಲದ ಸಂಸ್ಥೆಗೆ ಹೊಳೆಯುವ ಸುಲಭದ ದಾರಿ ಯಾವುದು ಅಂತ ಎಲ್ಲರಿಗೂ ಗೊತ್ತು. ಗೇಟು, ಟಿಕೆಟ್ಟು, ಪಾರ್ಕಿಂಗ್, ಬೋಟಿಂಗ್, ಎಲ್ಲಕ್ಕೂ ಟೆಂಡರ್. ಅಮಾನಿ ಎಂಬ ಹೆಸರಿನ ಕೆರೆಯನ್ನು ಇಜಾರಕ್ಕೆ ಕೊಡುವ ದಾರಿ ಅದು.

ಒಂದು ಕೆರೆ, ಐದಾರು ಯಜಮಾನರು

ಮೀನಿನ ವಿಚಾರಕ್ಕೆ ಬರೋಣ. ಕೆರೆ ಅಂದರೆ ನಮಗೆ ಒಂದೇ ವಸ್ತು. ಸರ್ಕಾರಕ್ಕೆ ಹಾಗಲ್ಲ. ನೆಲ ಕಂದಾಯ ಇಲಾಖೆಯದ್ದು. ಏರಿ, ತೂಬು, ಕೋಡಿ ಅಚ್ಚುಕಟ್ಟಿನ ಲೆಕ್ಕದ ಮೇಲೆ ಹಂಚಿಹೋಗಿವೆ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್‌ರಾಜ್ ವ್ಯವಸ್ಥೆಗೆ, 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ನಗರದೊಳಗಿದ್ದರೆ ಪಾಲಿಕೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರವೂ ಬರುತ್ತೆ. ನೀರಿನೊಳಗಿನ ಮೀನಿನ ಹಕ್ಕು ಇನ್ನೊಂದೇ ಕಡೆ.

ಆ ಹಕ್ಕಿಗೆ ಕಾಗದಪತ್ರದಲ್ಲಿ ಮೀನು ಪಾಶುವಾರು ಅಂತ ಹೆಸರು. ಕೆಲವು ಕೆರೆಗಳ ಪಾಶುವಾರು ಮೀನುಗಾರಿಕೆ ಇಲಾಖೆ ಕೈಯಲ್ಲಿ, ಚಿಕ್ಕ ಕೆರೆಗಳದ್ದು ಗ್ರಾಮ ಪಂಚಾಯಿತಿ ಕೈಯಲ್ಲಿ. ಸಾಮಾನ್ಯವಾಗಿ ಐದು ವರ್ಷಕ್ಕೆ ಗುತ್ತಿಗೆ ಕೊಡುತ್ತಾರೆ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಇರಬೇಕು ಅನ್ನೋದು ತತ್ವ. ಉಳಿದದ್ದು ಟೆಂಡರ್ ಮತ್ತು ಹರಾಜು. ಇದಕ್ಕೆಲ್ಲ ಮೇಲೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಇದೆ.

ಗುತ್ತಿಗೆದಾರ ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ಬಿಡುತ್ತಾನೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಹರಿಯುವ ನದಿಯ ಮೀನು, ನಿಂತ ಕೆರೆಯಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಹಾಗಾಗಿ ಪ್ರತಿ ಸಲ ಬಿತ್ತನೆ ಮರಿಗೆ ದುಡ್ಡು ಹಾಕಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಎಳೆದು ಮಾರುತ್ತಾನೆ. ನಡುವೆ ಬರ ಬಂದರೆ ಹಾಕಿದ ದುಡ್ಡು ಒಣಗಿದ ಕೆಸರಲ್ಲಿ ಹೋಗುತ್ತೆ. ಚರಂಡಿ ನೀರು ಸೇರಿ ಆಮ್ಲಜನಕ ಕುಸಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದ್ದನ್ನು ನಾವೆಲ್ಲ ನೋಡಿದ್ದೇವೆ. ರಾತ್ರಿ ಹೊತ್ತು ಬಲೆ ಹಾಕಿ ಕದಿಯುವವರ ಕಾಟ ಬೇರೆ. ಆದ್ದರಿಂದ ಗುತ್ತಿಗೆದಾರ ಕಾವಲು ಹಾಕಿದರೆ ಅದನ್ನು ಸುಮ್ಮನೆ ದೌರ್ಜನ್ಯ ಅನ್ನೋಕೆ ನಾನು ತಯಾರಿಲ್ಲ. ಅವನ ಲೆಕ್ಕವೂ ಲೆಕ್ಕವೇ.

ಸಮಸ್ಯೆ ಇರೋದು ಗುತ್ತಿಗೆ ಬರೆದ ರೀತಿಯಲ್ಲಿ. ಮರಿ ಬಿಟ್ಟವನು ಅವನು ಅನ್ನೋದು ಸರಿ. ಆದರೆ ಕೆರೆಯಲ್ಲಿರೋ ಮೀನೆಲ್ಲ ಅವನು ಬಿಟ್ಟದ್ದಲ್ಲ. ಜಿಲೇಬಿ, ಕೊರವ, ಹಳ್ಳದಿಂದ ಹತ್ತಿ ಬರುವ ಚಿಕ್ಕಪುಟ್ಟ ಮೀನುಗಳು ತಾವೇ ಹುಟ್ಟಿ ತಾವೇ ಬೆಳೆಯುತ್ತವೆ. ಊರವರು ತಲೆಮಾರುಗಳಿಂದ ಗಾಳ ಹಾಕಿ, ಕೂಳಿ ಇಟ್ಟು, ಕೋಡಿ ನೀರಲ್ಲಿ ಬಟ್ಟೆ ಹಿಡಿದು ಹಿಡೀತಿದ್ದದ್ದು ಇವನ್ನೇ. ಪಾಶುವಾರು ಹಕ್ಕು ಎಲ್ಲ ಮೀನನ್ನೂ, ಎಲ್ಲ ವಿಧಾನವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಟ್ಟುಬಿಡುತ್ತೆ. ಆ ಕ್ಷಣದಿಂದ ಸಾರಿಗೆ ನಾಲ್ಕು ಮೀನು ಹಿಡಿಯೋಕೆ ಬಂದವನು ಕಳ್ಳನ ಲೆಕ್ಕ.

ಇಲ್ಲಿ ಜಾತಿ, ವರ್ಗ ಎರಡೂ ಕೆಲಸ ಮಾಡುತ್ತವೆ. ಗಂಗಾಮತಸ್ಥರು, ಬೆಸ್ತರು ಮೀನುಗಾರಿಕೆಯನ್ನೇ ಕಸುಬಾಗಿ ಇಟ್ಟುಕೊಂಡವರು, ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇರುವವರು. ಅವರಲ್ಲೂ ಸಂಘದ ಸದಸ್ಯತ್ವ ಇದ್ದವರಿಗೆ ಮಾತ್ರ ಗುತ್ತಿಗೆಯ ಬಾಗಿಲು. ದೊಡ್ಡ ಕೆರೆ ಹಿಡಿಯೋಕೆ ಬೇಕಾದ ಬಂಡವಾಳ ಹೊರಗಿನಿಂದ ಬಂದರೆ ಗುತ್ತಿಗೆ ಸಂಘದ ಹೆಸರಲ್ಲಿ, ಲಾಭ ದುಡ್ಡು ಹಾಕಿದವನ ಜೇಬಿಗೆ. ಬಲೆ ಎಳೆಯುವವರು ಕೂಲಿಗಳು. ಇನ್ನು ಸಂಘವೂ ಇಲ್ಲದ, ಬಂಡವಾಳವೂ ಇಲ್ಲದ ಕೆರೆಯಂಚಿನ ದಲಿತ ಕೇರಿಯ, ಅಲೆಮಾರಿ ಸಮುದಾಯಗಳ ಕುಟುಂಬಗಳಿಗೆ ಗಾಳದ ಮೀನು ಮೋಜಲ್ಲ, ಊಟ. ಅದಕ್ಕೆ ಯಾವ ದಾಖಲೆಯಲ್ಲೂ ಜಾಗ ಇಲ್ಲ. ಕೆರೆದಂಡೆ ಪಾರ್ಕ್ ಆದ ಮೇಲೆ ಮೀನಿನ ವಾಸನೆ ಬರುತ್ತೆ ಅಂತ ಮೂಗು ಮುಚ್ಚುವ ಹೊಸ ದೂರುದಾರರೂ ಸೇರಿಕೊಳ್ಳುತ್ತಾರೆ. ಚರಂಡಿ ವಾಸನೆಗಿಂತ ಮೀನಿನ ವಾಸನೆ ಬೇಗ ಮೂಗಿಗೆ ಬಡಿಯುವುದು ನಮ್ಮ ನಗರಗಳ ವಿಶೇಷ.

ಬೋಟಿಂಗ್ ಅಂದರೆ ಯಾರಿಗೆ?

ತೆಪ್ಪ, ಹರಿಗೋಲು ನಮ್ಮ ಕೆರೆಗಳಿಗೆ ಹೊಸದಲ್ಲ. ದೇವರಿಗೆ ತೆಪ್ಪೋತ್ಸವ ಮಾಡ್ತೀವಿ. ಬಲೆ ಹಾಕುವವನಿಗೆ ತೆಪ್ಪ ಕಸುಬಿನ ಸಾಮಾನು. ಆದರೆ ಸರ್ಕಾರಿ ಭಾಷೆಯಲ್ಲಿ ಬೋಟಿಂಗ್ ಅಂದ ಕೂಡಲೇ ಅದು ಗಂಟೆಗೆ ಇಷ್ಟು ದುಡ್ಡು ಅನ್ನುವ ವ್ಯವಹಾರ, ಅದಕ್ಕೊಬ್ಬ ಗುತ್ತಿಗೆದಾರ.

ಇದರ ಪೂರ್ತಿ ಕಥೆ ಬೆಂಗಳೂರಲ್ಲಿ ಒಂದು ಸಲ ನಡೆದುಹೋಗಿದೆ. 2002ರಲ್ಲಿ ರಾಜ್ಯ ಸರ್ಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರ ಕಟ್ಟಿತು. ನಂತರ ಅದು ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಹದಿನೈದು ವರ್ಷದಂಥ ದೀರ್ಘ ಗುತ್ತಿಗೆಗೆ ಕೊಡಲು ಹೊರಟಿತು. ಹೆಬ್ಬಾಳ ಕೆರೆ ಒಂದು ಪಂಚತಾರಾ ಹೋಟೆಲ್ ಕಂಪನಿಗೆ ಹೋಯಿತು. ನಾಗವಾರ ಕೆರೆ ಟಿಕೆಟ್ ಕೊಟ್ಟು ಹೋಗುವ ಲುಂಬಿನಿ ಗಾರ್ಡನ್ಸ್ ಆಯಿತು. ದನ ತೊಳೆಯುವವರು, ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು ಬೇಲಿಯ ಆಚೆ ಉಳಿದರು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಲಿಯೋ ಸಲ್ಡಾನ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತೀರ್ಪು ಬಂತು. ಕೆರೆ ಸರ್ಕಾರದ ಸೈಟು ಅಲ್ಲ, ಜನರ ಸ್ವತ್ತು ಅನ್ನುವ ನಿಲುವು ಆ ಪ್ರಕರಣದಿಂದ ಗಟ್ಟಿಯಾಯಿತು.

ಅಲ್ಲಿಂದ ಕಲಿಯಬೇಕಾದ ಪಾಠ ಬೋಟಿಂಗೇ ಬೇಡ ಅನ್ನೋದಲ್ಲ. ನನಗೂ ತುಮಕೂರಿನ ಮಕ್ಕಳು ಸಂಜೆ ಹೊತ್ತು ದೋಣಿಯಲ್ಲಿ ಕೂರಬೇಕು ಅನ್ನೋ ಆಸೆ ಇದೆ. ದೋಣಿಯನ್ನು ಗುತ್ತಿಗೆಗೆ ಕೊಡಬಹುದು, ಆದರೆ ದಡವನ್ನು ಕೊಡಬಾರದು ಅನ್ನೋದು ಪಾಠ. ದಡ ಕೈತಪ್ಪಿದರೆ ಕೆರೆ ಕೈತಪ್ಪಿದ ಹಾಗೆ.

ಇನ್ನೊಂದು ಪಾಠ ಗುಜರಾತಿನಿಂದ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಪಾಲಿಕೆಯ ಕೆರೆ, ಖಾಸಗಿಯವರ ನಿರ್ವಹಣೆ. ದೋಣಿಗೆ ಮಿತಿಮೀರಿ ಜನ ತುಂಬಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ನಮ್ಮ ಊರುಗಳ ಹಾಗೆಯೇ ಕೆರೆಯ ಅಂದ ಹೆಚ್ಚಿಸಿ ಆದಾಯ ಮಾಡಿಕೊಳ್ಳಲು ಹೊರಟ ನಗರ ಅದು.

ತುಮಕೂರಿಗೂ ನೀರಿನ ಅಪಾಯ ಗೊತ್ತಿಲ್ಲದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಮಂದರಗಿರಿ ಬೆಟ್ಟದ ಬಳಿಯ ಮೈದಾಳ ಕೆರೆ ಕೋಡಿಯಲ್ಲಿ ಜಾರಿ ಬಿದ್ದ ವಿದ್ಯಾರ್ಥಿನಿಯೊಬ್ಬರು ರಾತ್ರಿಯಿಡೀ ಬಂಡೆಗಳ ನಡುವೆ ಸಿಕ್ಕಿಕೊಂಡು, ಮರುದಿನ ಜೀವಂತ ಹೊರಬಂದರು. 2025ರ ಅಕ್ಟೋಬರ್‌ನಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ನೀರಲ್ಲಿ ಆಡುತ್ತಿದ್ದ ತುಮಕೂರಿನ ಒಂದೇ ಬಳಗದವರು ಏಕಾಏಕಿ ನುಗ್ಗಿದ ನೀರಿಗೆ ಕೊಚ್ಚಿಹೋದರು. ಆ ಜಲಾಶಯದಲ್ಲಿ ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನಾಗಿ ತೆರೆದುಕೊಳ್ಳುತ್ತೆ. ಗೇಟು ಎತ್ತುವವರು ಬೇಕಿಲ್ಲ. ಇಂಥ ಕಡೆ ಸೈರನ್ ಮತ್ತು ಕಾವಲು ಬೇಕು.

ಇಂಥ ಪ್ರತಿ ದುರಂತದ ನಂತರ ಆಡಳಿತದ ಉತ್ತರ ಒಂದೇ: ಬೇಲಿ ಹಾಕಿ, ಬೋರ್ಡ್ ನೆಡಿ, ಪ್ರವೇಶ ನಿಷೇಧಿಸಿ. ಬೋರ್ಡ್ ಹಾಕಿದರೆ ಜವಾಬ್ದಾರಿ ಮುಗೀತು. ಈಜು ಕಲಿಸುವ ಜಾಗ, ಇಳಿಯಲು ಸುರಕ್ಷಿತ ಮೆಟ್ಟಿಲು, ಆಳದ ಗುರುತು, ಎಸೆಯಲು ಹಗ್ಗ ಮತ್ತು ಟ್ಯೂಬು, ನೀರು ಗೊತ್ತಿರುವ ಇಬ್ಬರು ಕಾವಲುಗಾರರು, ಇವಕ್ಕೆ ಖರ್ಚಾಗುತ್ತೆ, ದಿನವೂ ಕೆಲಸ ಆಗುತ್ತೆ. ಹಾಗಾಗಿ ಬೋರ್ಡೇ ಗೆಲ್ಲುತ್ತೆ. ಕೆರೆಯ ಆಳ, ಕೆಸರು, ಸುಳಿ ಎಲ್ಲ ಗೊತ್ತಿರುವ ಬೆಸ್ತರ ಹುಡುಗರನ್ನೇ ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಳ್ಳಬಹುದು ಅನ್ನುವ ಯೋಚನೆ ಯಾಕೆ ಬರಲ್ಲ?

ಮಹಾಡ್‌ನಿಂದ ಬಂದ ದಾರಿ

ಈ ದೇಶದಲ್ಲಿ ಕೆರೆಗೆ ಇಳಿಯೋದು ಯಾವತ್ತೂ ಬರೀ ಮೋಜಿನ ವಿಷಯ ಆಗಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಬೊಗಸೆ ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆಯುವ ನಿರ್ಣಯವನ್ನು ಅಲ್ಲಿನ ಪುರಸಭೆ ಆಗಲೇ ಮಾಡಿತ್ತು ಅನ್ನೋದನ್ನು ನಾವು ಮರೀತೀವಿ. ಕಾಗದದಲ್ಲಿ ಹಕ್ಕಿತ್ತು, ದಡದಲ್ಲಿ ಇರಲಿಲ್ಲ. ಬಾಂಬೆ ಹೈಕೋರ್ಟ್‌ನಲ್ಲಿ ಆ ವ್ಯಾಜ್ಯ ಗೆಲ್ಲೋಕೆ 1937ರವರೆಗೆ ಕಾಯಬೇಕಾಯಿತು.

ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರಿಸಿ ಬರೆದಿರುವುದು ಈ ಅನುಭವದ ಹಿನ್ನೆಲೆಯಲ್ಲೇ. ಸರ್ಕಾರದ ಹಣದಲ್ಲಿ ನಿರ್ವಹಿಸುವ ಕೆರೆಯ ಬಳಕೆಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದಲ್ಲಿ ಯಾರಿಗೂ ನಿರ್ಬಂಧ ಹಾಕುವಂತಿಲ್ಲ. ನಿಜ, ಆ ವಿಧಿ ಟಿಕೆಟ್ ದರದ ಬಗ್ಗೆ ಏನೂ ಹೇಳಲ್ಲ. ಆದರೆ ಜಾತಿಯ ಬೇಲಿ ಕಿತ್ತ ಜಾಗದಲ್ಲಿ ದುಡ್ಡಿನ ಬೇಲಿ ನೆಟ್ಟರೆ, ಎರಡೂ ಬೇಲಿಗಳ ಹೊರಗೆ ನಿಲ್ಲುವವರು ಬಹುಪಾಲು ಅವರೇ ಜನ. ಇದನ್ನು ಹೇಳೋಕೆ ಸಮೀಕ್ಷೆ ಬೇಕಿಲ್ಲ, ಯಾವುದಾದರೂ ಟಿಕೆಟ್ ಕೌಂಟರ್ ಮುಂದೆ ಅರ್ಧ ಗಂಟೆ ನಿಂತರೆ ಸಾಕು.

ಗುಬ್ಬಿ-ಕುಣಿಗಲ್ ಜಗಳದಲ್ಲಿ ಕಾಣೆಯಾದ ಕೆರೆ

ಈಗ ಜಿಲ್ಲೆಯ ದೊಡ್ಡ ಜಗಳಕ್ಕೆ ಬರೋಣ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ಗುಬ್ಬಿ ತಾಲ್ಲೂಕಿನಲ್ಲಿ ನಾಲೆಯಿಂದ ನೀರೆತ್ತಿ ಪೈಪಿನಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಸುಮಾರು ಸಾವಿರ ಕೋಟಿ ರೂಪಾಯಿಯ ಯೋಜನೆ. ನಾಲೆಯ ಕೊನೆಯಲ್ಲಿರುವ ನಮಗೆ ನಮ್ಮ ಪಾಲಿನ ನೀರು ತಲುಪೇ ಇಲ್ಲ ಅಂತ ಕುಣಿಗಲ್ ಕಡೆಯವರ ವಾದ. ಪೈಪ್ ಹಾಕಿದರೆ ನೀರು ಮಾಗಡಿ, ರಾಮನಗರಕ್ಕೆ ಹೋಗಿ ನಮ್ಮ ಪಾಲು ಖಾಲಿ ಅಂತ ಗುಬ್ಬಿ, ತುರುವೇಕೆರೆ, ತುಮಕೂರು ಗ್ರಾಮಾಂತರದವರ ಆತಂಕ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೇ ಸಾವಿರಾರು ಜನ ಬೀದಿಗಿಳಿದರು.

ಎರಡೂ ಕಡೆಯ ರೈತರ ನೋವು ನಿಜ. ಆದರೆ ಈ ಜಗಳದಲ್ಲಿ ಕೆರೆ ಅಂದರೆ ತುಂಬಿಸಬೇಕಾದ ಒಂದು ಪಾತ್ರೆ ಅಷ್ಟೆ. ಕುಣಿಗಲ್ ದೊಡ್ಡಕೆರೆಯ ಮೇಲೆ ಇಡೀ ಕರ್ನಾಟಕ ಹಾಡುವ ಜನಪದ ಗೀತೆ ಇದೆ. ಹಾಡಿರುವ ಕೆರೆಯಲ್ಲಿ ನೀರಿರಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಆ ನೀರು ಬಂದ ಮೇಲೆ ಏನು? ಕೆರೆಯಲ್ಲಿ ವರ್ಷಪೂರ್ತಿ ನೀರು ನಿಂತರೆ ಪಾಶುವಾರು ಹಕ್ಕಿನ ಬೆಲೆ ಏರುತ್ತೆ. ತೂಬು ಎತ್ತಿ ಗದ್ದೆಗೆ ಬಿಡಿ ಅಂತ ಅಚ್ಚುಕಟ್ಟಿನ ರೈತ ಕೇಳ್ತಾನೆ, ನೀರು ಇಳಿಸಬೇಡಿ ಅಂತ ಮೀನಿನ ಗುತ್ತಿಗೆದಾರ ಕೇಳ್ತಾನೆ, ಕುಡಿಯೋಕೆ ಉಳಿಸಿ ಅಂತ ಪಟ್ಟಣ ಕೇಳುತ್ತೆ, ದೋಣಿ ಓಡೋ ಮಟ್ಟ ಇರಲಿ ಅಂತ ಪ್ರವಾಸೋದ್ಯಮ ಕೇಳುತ್ತೆ. ದೇವರಾಯನದುರ್ಗದ ಕಡೆ ಹುಟ್ಟಿ ಗುಬ್ಬಿಯ ಕಡಬ ಕೆರೆ ತುಂಬಿ ಮಾರ್ಕೋನಹಳ್ಳಿಗೆ ಇಳಿಯುವ ಶಿಂಷಾ ನದಿಯ ಕೆರೆಗಳಿಗೂ ಇದೇ ಪ್ರಶ್ನೆಗಳು. ಹಿಂದೆ ಇಂಥ ತಕರಾರು ನೀರುಗಂಟಿ ಮತ್ತು ಊರ ಹಿರಿಯರ ಮಟ್ಟದಲ್ಲಿ ತೀರ್ಮಾನ ಆಗ್ತಿತ್ತು. ಆ ವ್ಯವಸ್ಥೆ ಜಾತಿ ಶ್ರೇಣಿಯಿಂದ ಮುಕ್ತವಾಗೇನೂ ಇರಲಿಲ್ಲ, ಅದನ್ನು ವೈಭವೀಕರಿಸೋದು ಬೇಡ. ಆದರೆ ಅದರ ಜಾಗಕ್ಕೆ ಪ್ರಜಾಪ್ರಭುತ್ವದ ವ್ಯವಸ್ಥೆ ಬರಬೇಕಿತ್ತು. ಬಂತಾ?

73ನೇ ತಿದ್ದುಪಡಿಯ ಮೂಲಕ ಬಂದ ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ಕೊಡಬಹುದಾದ ವಿಷಯಗಳ ಪಟ್ಟಿ ಮಾಡುತ್ತೆ. ಮೂರನೆಯದು ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ. ಐದನೆಯದು ಮೀನುಗಾರಿಕೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾರುಬಾರು. ತುಮಕೂರು ಮಹಾನಗರ ಪಾಲಿಕೆಯಲ್ಲಿ 2018ರಲ್ಲಿ ಆಯ್ಕೆಯಾದವರ ಅವಧಿ 2024ರ ಜನವರಿಗೆ ಮುಗಿಯಿತು, ಅಲ್ಲೂ ಅದೇ ಕಥೆ. ಅಂದರೆ ಕೆರೆಯ ಬಗ್ಗೆ ಟೆಂಡರ್ ಕರೆಯುವ ಅಧಿಕಾರ ಇದೆ, ಆ ಟೆಂಡರನ್ನು ಪ್ರಶ್ನಿಸುವ ಚುನಾಯಿತ ಸದಸ್ಯರು ಇಲ್ಲ. ಬಿಜೆಪಿ, ಕಾಂಗ್ರೆಸ್ ಎರಡೂ ಸರ್ಕಾರಗಳು ಈ ಖಾಲಿ ಕುರ್ಚಿಗಳ ಜೊತೆ ಆರಾಮಾಗಿ ಬದುಕಿವೆ.

ಚಿಕ್ಕ ಕೆರೆಗೆ ಚಿಕ್ಕ ರಕ್ಷಣೆ

ಈ ಖಾಲಿತನದ ನಡುವೆ ಇನ್ನೊಂದು ಬದಲಾವಣೆ ಬಂದಿದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ಕೆರೆ ಸುತ್ತ 30 ಮೀಟರ್ ಮೀಸಲು ವಲಯ ಇತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿ ಮಸೂದೆ ಅದನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೆ. ನೂರು ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್. ಕೆರೆ ಚಿಕ್ಕದಾದಷ್ಟೂ ವಲಯ ಚಿಕ್ಕದು.

ಗಮನಿಸಿ, ಜನ ನಿಜವಾಗಿ ಬಳಸುವುದು ಚಿಕ್ಕ ಕೆರೆಗಳನ್ನೇ. ದನ ಇಳಿಸೋದು, ಬಟ್ಟೆ ಒಗೆಯೋದು, ಗಾಳ ಹಾಕೋದು, ಮಕ್ಕಳು ಈಜು ಕಲಿಯೋದು, ಗಣಪತಿ ಬಿಡೋದು, ಎಲ್ಲ ಊರ ಪಕ್ಕದ ಕಟ್ಟೆ, ಕುಂಟೆಗಳಲ್ಲಿ. ಅಲ್ಲಿನ ದಡ ಮೂರೋ ಆರೋ ಮೀಟರಿಗೆ ಇಳಿದರೆ ಲೇಔಟಿನ ಕಾಂಪೌಂಡ್ ನೀರಿನ ಅಂಚಿಗೆ ಬರುತ್ತೆ. ಮೀನಿನ ಹಕ್ಕು ಕಾಗದದಲ್ಲಿ ಉಳಿದರೂ ನೀರಿನ ಹತ್ತಿರ ಹೋಗೋ ದಾರಿಯೇ ಇರಲ್ಲ. ಒತ್ತುವರಿ ಅಂದ್ರೆ ಎಕರೆ ಲೆಕ್ಕ ಮಾತ್ರ ಅಂದುಕೊಂಡಿದ್ದೀವಿ. ದಾರಿ ಮುಚ್ಚೋದೂ ಒತ್ತುವರಿಯೇ.

ಬೇರೆ ಕಡೆ ಇದನ್ನು ಹೇಗೆ ನೋಡಿದ್ದಾರೆ ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1640ರ ದಶಕದಲ್ಲೇ ದೊಡ್ಡ ಕೆರೆಗಳು ಎಲ್ಲರಿಗೂ ಸೇರಿದ್ದು, ಯಾರು ಬೇಕಾದರೂ ಮೀನು ಹಿಡಿಯಬಹುದು ಅಂತ ಶಾಸನ ಮಾಡಿದರು. 10 ಎಕರೆಗಿಂತ ದೊಡ್ಡದಾದ ನೈಸರ್ಗಿಕ ಕೆರೆ ಅಲ್ಲಿ ಇವತ್ತಿಗೂ ಸಾರ್ವಜನಿಕ. ಥೋರೋ ವಾಸವಾಗಿದ್ದ ವಾಲ್ಡನ್ ಕೊಳವೂ ಅಂಥದ್ದೇ ಒಂದು. ಮೂಲನಿವಾಸಿಗಳ ನೆಲ ಕಿತ್ತುಕೊಂಡ ವಸಾಹತುಗಾರರು ಮಾಡಿದ ಶಾಸನ ಅದು, ಅದನ್ನು ಮರೆಯೋದು ಬೇಡ. ಆದರೆ ತಮ್ಮೊಳಗಾದರೂ ಅವರು ಒಂದು ವಿಷಯ ಸ್ಪಷ್ಟ ಮಾಡಿಕೊಂಡರು: ಜನರ ಪ್ರವೇಶ ಮೂಲ ನಿಯಮ, ನಿರ್ಬಂಧ ಅದಕ್ಕೆ ಅಪವಾದ. ನಮ್ಮಲ್ಲಿ ಉಲ್ಟಾ. ನಿಷೇಧ ನಿಯಮ, ಪ್ರವೇಶ ಅಪವಾದ.

ಏನು ಕೇಳಬೇಕು

ಸರಿ, ಬೇಡಿಕೆ ಏನು? ನನಗೆ ತೋಚಿದ್ದು ಐದು.

ಒಂದು, ಪಾಶುವಾರು ಗುತ್ತಿಗೆಯ ಷರತ್ತಿನಲ್ಲೇ ಸ್ಥಳೀಯರ ಗಾಳದ ಹಕ್ಕನ್ನು ಬರೆಯಬೇಕು. ಒಬ್ಬರಿಗೆ ಒಂದು ಗಾಳ, ಹಗಲು ಮಾತ್ರ, ಮನೆ ಬಳಕೆಗೆ ಮಾತ್ರ, ಬಲೆಗೂ ಸಿಡಿಮದ್ದಿಗೂ ಅವಕಾಶ ಇಲ್ಲ. ದೊಡ್ಡ ಕೆರೆಯ ದಡದ ಒಂದು ಭಾಗವನ್ನು ಇದಕ್ಕೆ ಗುರುತಿಸಬಹುದು. ಹರಾಜಿಗೆ ಮೊದಲೇ ಷರತ್ತು ಗೊತ್ತಿದ್ದರೆ ಗುತ್ತಿಗೆದಾರ ಅದನ್ನು ಲೆಕ್ಕ ಹಾಕಿಯೇ ಕೂಗುತ್ತಾನೆ, ಅವನಿಗೂ ಅನ್ಯಾಯ ಆಗಲ್ಲ.

ಎರಡು, ಬರ ಬಿದ್ದ ಅಥವಾ ಚರಂಡಿ ನೀರಿನಿಂದ ಮೀನು ಸತ್ತ ವರ್ಷ ಸಹಕಾರ ಸಂಘಗಳಿಗೆ ಗುತ್ತಿಗೆ ಹಣದಲ್ಲಿ ರಿಯಾಯಿತಿ ಸಿಗಬೇಕು. ಕಸುಬಿನವರ ಸಂಘ ನಷ್ಟದಲ್ಲಿ ಮುಳುಗಿದರೆ ಮುಂದಿನ ಸಲ ಕೆರೆ ಬಂಡವಾಳದವನ ಪಾಲು.

ಮೂರು, ಬೋಟಿಂಗ್ ಟೆಂಡರ್ ದೋಣಿಗೆ ಮಾತ್ರ, ದಡಕ್ಕೆ ಬೇಡ. ಪ್ರವೇಶ ಶುಲ್ಕ ಇಲ್ಲದ ದಾರಿ ಉಳಿಯಲೇಬೇಕು. ಸ್ಥಳೀಯ ಮೀನುಗಾರರ ಸಂಘಕ್ಕೆ ಮೊದಲ ಅವಕಾಶ. ದೋಣಿಯ ಸಾಮರ್ಥ್ಯ, ಲೈಫ್ ಜಾಕೆಟ್, ತಪಾಸಣೆ ದಿನಾಂಕ ಕೌಂಟರ್ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.

ನಾಲ್ಕು, ಕೋಡಿ ಮತ್ತು ಸೈಫನ್ ಇರುವ ಕಡೆ ಸೈರನ್, ಮಳೆಗಾಲದಲ್ಲಿ ಸಂಬಳದ ಕಾವಲು.

ಐದು, ಎಲ್ಲಕ್ಕಿಂತ ಮುಖ್ಯವಾಗಿ, ಪಂಚಾಯಿತಿ ಮತ್ತು ಪಾಲಿಕೆಗಳಿಗೆ ಚುನಾವಣೆ. ಚುನಾಯಿತ ಸಭೆ ಇಲ್ಲದ ಅವಧಿಯಲ್ಲಿ ಕೆರೆಗಳನ್ನು ದೀರ್ಘ ಗುತ್ತಿಗೆಗೆ ಕೊಡುವುದನ್ನು ತಡೆಹಿಡಿಯಬೇಕು. ಟ್ರಸ್ಟಿಯ ಕುರ್ಚಿ ಖಾಲಿ ಇರುವಾಗ ಟ್ರಸ್ಟಿನ ಆಸ್ತಿ ಹರಾಜು ಹಾಕೋದು ಯಾವ ನ್ಯಾಯ?

ಇದಕ್ಕೆ ದೊಡ್ಡ ಚಳವಳಿ ಕಟ್ಟುವವರೆಗೆ ಕಾಯಬೇಕಿಲ್ಲ. ನಿಮ್ಮೂರ ಕೆರೆ ಯಾವ ಇಲಾಖೆಗೆ ಸೇರಿದೆ, ಪಾಶುವಾರು ಯಾರ ಹೆಸರಲ್ಲಿದೆ, ಎಷ್ಟು ಹಣಕ್ಕೆ, ಯಾವತ್ತಿನವರೆಗೆ, ಷರತ್ತುಗಳೇನು ಅಂತ ಐದು ಪ್ರಶ್ನೆ ಬರೆದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಸಿಕ್ಕ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಗುತ್ತಿಗೆ ನವೀಕರಣದ ತಾರೀಕು ಯಾವಾಗ ಅಂತ ಗೊತ್ತಾದರೆ ಷರತ್ತು ಬದಲಿಸೋಕೆ ಒತ್ತಾಯಿಸುವ ತಾರೀಕೂ ಗೊತ್ತಾಗುತ್ತೆ. ಕೆರೆ ತುಂಬಿದ ದಿನ ಬಾಗಿನ ಬಿಡೋಕೆ ಬಂದ ಶಾಸಕರ ಕೈಗೂ ಅದರದ್ದೊಂದು ಪ್ರತಿ ಕೊಡಿ.